ತೊಳೆಯದೆ ಬಿಟ್ಟ ಒಂದು ಫರಸಿ

ಆ ದಿನಗಳಲ್ಲಿ ಶಹಾಬಾದಿನ ನಮ್ಮ ಮನೆಯಲ್ಲಿ ವಾರ ಶುರುವಾಗುತ್ತಿದ್ದುದು ನೀರಿನ ಸಪ್ಪಳದಿಂದ. ಸೋಮವಾರ ಬೆಳಕು ಹರಿಯುವುದೇ ತಡ, ಆಯಿ, ಅಂದರೆ ಅಪ್ಪನ ಅವ್ವ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ ಕೊಡದಿಂದ ನೀರು ಹೊಯ್ದು ಕಸಬರಿಗೆ ಹಿಡಿದಳೆಂದರೆ, ದೇವರ ಜಗಲಿಯಿಂದ ತಲಬಾಗಿಲಿನ ಹೊಸ್ತಿಲವರೆಗೆ ಒಂದು ಫರಸಿಯೂ ಒಣಗಿ ಉಳಿಯುತ್ತಿರಲಿಲ್ಲ. ಫರಸಿ ಎಂದರೆ ನೆಲಕ್ಕೆ ಹಾಸುವ ನಮ್ಮೂರಿನ ಕಲ್ಲು. ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ವಾಸನೆ ಹೇಗಿರುತ್ತದೆಂದು, ಅಂಥ ನೆಲದ ಮೇಲೆ ಅಂಬೆಗಾಲಿಟ್ಟವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ತೊಳೆದ ಮನೆಯ ನಡುವೆ ಕುಳಿತು ಆಯಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ಅದು ಮುಗಿಯುವ ತನಕ ನಮಗೆ ಚಹಾ ಇಲ್ಲ, ರೊಟ್ಟಿ ಇಲ್ಲ, ಜೋರಾಗಿ ಮಾತೂ ಇಲ್ಲ.

ಆ ನೀರಿಗೆ ಎದುರಾಗಿ ನಾನು ಒಂದು ಮೊಲದ ಪರವಾಗಿ ನಿಂತ ಕತೆ ಇದು. ನಿಂತೆ ಎನ್ನುವುದಕ್ಕಿಂತ ಕುಳಿತೆ ಎನ್ನುವುದೇ ಸರಿ. ಮತ್ತು ಮೊದಲೇ ಹೇಳಿಬಿಡುತ್ತೇನೆ: ಮೊಲಕ್ಕೆ ಏನೂ ಕಲಿಸಲು ಬರುವುದಿಲ್ಲವೆಂದು ಆಗ ಹೇಳಿದವರದೂ ತಪ್ಪು, ಈಗ ಹೇಳುವವರದೂ ತಪ್ಪು.

ನಮ್ಮಪ್ಪ ಕಲ್ಲು ಪಾಲಿಶ್ ಮಾಡುವ ಕಡೆ ಮಶೀನು ನಡೆಸುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ರೆಪ್ಪೆಗಳ ಮೇಲೆಲ್ಲ ಬೂದು ಪುಡಿ ಕೂತಿರುತ್ತಿತ್ತು. ಹೊರಗಿನ ಕೋಣೆಯ ಫರಸಿಗಳನ್ನು ಅವನೇ ಒಂದೊಂದಾಗಿ ಆರಿಸಿ, ಅವನೇ ಪಾಲಿಶ್ ಮಾಡಿ ಹಾಸಿದ್ದ. ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ನಾನು ಐದನೆಯ ಕ್ಲಾಸು ಮುಗಿಸಿದ ಬೇಸಿಗೆ ಸೂಟಿಯಲ್ಲಿ ಒಂದು ದಿನ ಅವನು ಬುತ್ತಿಯ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಂದ. ಕಲ್ಲು ಹೇರಲು ಹೈದರಾಬಾದ ಕಡೆಯಿಂದ ಬಂದಿದ್ದ ಲಾರಿ ಡ್ರೈವರನೊಬ್ಬ, ಮನೆಯಲ್ಲಿ ಮೊಲಗಳು ಹೆಚ್ಚಾದವೆಂದು ಒಂದು ಮರಿಯನ್ನು ಇವನ ಕೈಗೆ ಕೊಟ್ಟಿದ್ದನಂತೆ. ಚೀಲದಿಂದ ಇಳಿದ ಮರಿ ತಣ್ಣನೆಯ ಫರಸಿ ಹೊಟ್ಟೆಗೆ ತಾಕುತ್ತಲೇ ನಾಲ್ಕೂ ಕಾಲು ಚಾಚಿ ಬಿದ್ದುಕೊಂಡಿತು. ಮೈಯೆಲ್ಲ ಬಿಳಿ, ಮೂಗಿನ ಮೇಲೆ ಮಾತ್ರ ಒಂದಿಷ್ಟು ಕಂದು. ಪಂಚಮಿಗೆ ಜೋಳ ಹುರಿದಾಗ ಬಿರಿಯುವ ಅಳ್ಳು ಹಾಗೇ ಇರುತ್ತದೆ, ಬಿಳಿಯ ನಡುವೆ ಸಿಪ್ಪೆಯ ಚೂರು ಹಿಡಿದುಕೊಂಡು. ಹೆಸರು ಹುಡುಕುವ ಕೆಲಸವೇ ಬೀಳಲಿಲ್ಲ. ಅಳ್ಳು ಎಂದೆವು, ಅಷ್ಟೇ.

ಅಳ್ಳು ಬಂದ ಮೇಲೆ ನಮ್ಮ ಮನೆಯಲ್ಲಿ ಮೊದಲು ಕೆಟ್ಟದ್ದು ಚೌಕಾಬಾರದ ಆಟ. ಹಿತ್ತಲ ಪಡಸಾಲೆಯ ಒಂದು ಒರಟು ಕಲ್ಲಿನ ಮೇಲೆ ನಾವು ಮನೆ ಕೊರೆದಿದ್ದೆವು. ಹುಣಸೆ ಬೀಜ ಒಡೆದು ಗರ ಹಾಕಿ ಕಾಯಿ ನಡೆಸುವಷ್ಟರಲ್ಲಿ ಅಳ್ಳು ಬಂದು ನಡುವಿನ ಮನೆಯಲ್ಲಿ ತನ್ನವೂ ನಾಲ್ಕು ಕಾಯಿ ಇಟ್ಟು ಹೋಗುತ್ತಿತ್ತು. ಆಡಿನ ಹಿಕ್ಕೆಯಂತೆ ಗುಂಡಗೆ, ಒಣಗಿದರೆ ಥೇಟು ಕರಿ ಕಡಲೆ. ಅದರಿಂದಲೇ ಗಂಡಾಂತರ ಬಂತು. ಆಯಿ ಒಂದು ಮಧ್ಯಾಹ್ನ ನೆಲದ ಮೇಲೆ ಕಡಲೆ ಹರವಿಕೊಂಡು ಮೊರಕ್ಕೆ ಆರಿಸುತ್ತಿದ್ದಳು. ಅವಳಿಗೆ ಕಣ್ಣು ಮಂಜಾಗಿದ್ದರಿಂದ ಬೆರಳಿನಿಂದಲೇ ಕಾಳಿನ ಗುಣ ನೋಡುತ್ತಿದ್ದಳು. ಆರಿಸುತ್ತ ಆರಿಸುತ್ತ ಕೈ ತಡೆದು ಅವ್ವನನ್ನು ಕರೆದಳು.

"ಏ ಸೊಸಿ, ಈ ಕಡಲಿ ಯಾಕ ಇಷ್ಟು ಮೆತ್ತಗ ಅದ?"

ಅವ್ವ ಬಂದು ನೋಡಿ, ಇಡೀ ಮೊರವನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಆಯಿಗೆ ತಿಳಿಯಿತು. ಅವತ್ತು ಅವಳು ಎರಡು ಸಲ ಜಳಕ ಮಾಡಿದಳು.

ನಮ್ಮ ಅಪ್ಪನ ಅಕ್ಕ ಆಗ ಮನೆಯಲ್ಲೇ ಇದ್ದಳು. ಸೇಡಮ್ಮಿಗೆ ಕೊಟ್ಟದ್ದರಿಂದ ನಮಗೆ ಅವಳು ಸೇಡಂ ಅತ್ತಿ. ರೈಲು ಹತ್ತಿದರೆ ಬಂದುಬಿಡುವ ದೂರ, ಬಂದರೆ ಹೋಗದ ಸ್ವಭಾವ. ಜೊತೆಗೆ ಅವಳ ಗಂಡ, ನಮ್ಮ ಮಾಮಾನೂ ಇರುತ್ತಿದ್ದ. ಅತ್ತಿ ತೀರ್ಪು ಹೇಳಿದಳು: ಇದನ್ನು ತೆಂಗಳಿಯ ಹೊಲಕ್ಕೆ ಬಿಟ್ಟುಬರುವುದು. ತೆಂಗಳಿಯಲ್ಲಿ ನಮ್ಮದೊಂದಿಷ್ಟು ತೊಗರಿಯ ಹೊಲವಿತ್ತು, ಅದನ್ನು ಕಾಯುವುದಕ್ಕೆ ಎರಡು ನಾಯಿಗಳಿದ್ದವು. ಆ ನಾಯಿಗಳನ್ನು ನಾನು ನೋಡಿದ್ದೆ. ಒಮ್ಮೆ ನನ್ನ ಚಪ್ಪಲಿಯನ್ನು ನನ್ನ ಕಣ್ಣೆದುರೇ ಹರಿದು ಹಾಕಿದ್ದವು. ಹೊಲಕ್ಕೆ ಬಿಡುವುದು ಎಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನಾನು ಹೇಳಿದೆ, ಅಳ್ಳುಗೆ ಒಂದೇ ಜಾಗದಲ್ಲಿ ಹೋಗಲು ಕಲಿಸುತ್ತೇನೆ.

ಅತ್ತಿ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. "ಮೊಲಕ್ಕ ಸಂಡಾಸ ಕಲಸ್ತಾಳಂತ. ನಾಳಿಗಿ ಗುಬ್ಬಿಗಿ ಲಂಗಾ ಹೊಲಸ್ತಾಳ ನೋಡ್ರಿ."

ಮಾಮಾ ಆಗ ಬಾಗಿಲ ಸಂದಿಯಲ್ಲಿ ನಿಂತು ಎಲೆ-ಅಡಕೆ ಉಗುಳುತ್ತಿದ್ದ. ನಮ್ಮ ಮನೆಯ ಗೋಡೆಯ ಮೂಲೆಗಳೆಲ್ಲ ಅವನು ಬಂದು ಹೋದ ಗುರುತಿನಿಂದ ಕೆಂಪಾಗಿದ್ದವು. ನನ್ನ ಬಾಯಿ ಸುಮ್ಮನಿರಲಿಲ್ಲ. "ಮೊಲಕ್ಕ ನಾ ಕಲಸ್ತೀನಿ ಅತ್ತಿ. ಮಾಮಾಗ ನೀ ಕಲಸು. ಯಾರು ಮೊದಲ ಕಲೀತಾರೋ ನೋಡಮು."

ಅವ್ವನ ಕೈ ಬೆನ್ನಿಗೆ ಬಿತ್ತು, ಗಟ್ಟಿಯಾಗಿಯೇ ಬಿತ್ತು. ಆದರೆ ಹೊಡೆದ ಅವ್ವನೇ ಮುಖ ತಿರುಗಿಸಿಕೊಂಡು ಸೆರಗು ಬಾಯಿಗೆ ತುರುಕಿಕೊಂಡದ್ದನ್ನು ನಾನು ನೋಡಿದೆ. ಆಯಿ ಮಾತ್ರ ನಗಲಿಲ್ಲ. ಶ್ರಾವಣದ ಮೊದಲ ಸೋಮವಾರ ನಮ್ಮ ಮನೆತನದ ಜಂಗಮರಾದ ಅಯ್ಯನೋರು ಪಾದಪೂಜೆಗೆ ಬರುವವರಿದ್ದರು. ಅಷ್ಟರೊಳಗೆ ಅದು ಕಲಿತರೆ ಸರಿ, ಇಲ್ಲದಿದ್ದರೆ ತೆಂಗಳಿ ಎಂದಳು. ಆಯಿ ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳುತ್ತಿರಲಿಲ್ಲ.

ಹೇಗೆ ಕಲಿಸಬೇಕೆಂದು ಕೇಳಲು ಊರಲ್ಲಿ ಯಾರಿದ್ದರು? ಎತ್ತು, ಎಮ್ಮೆ, ಆಡಿನ ಬುದ್ಧಿ ಬಲ್ಲವರು ಓಣಿಗೊಬ್ಬರಿದ್ದರು. ಮೊಲದ ಬುದ್ಧಿಯನ್ನು ಮೊಲವನ್ನೇ ನೋಡಿ ತಿಳಿಯಬೇಕಾಯಿತು. ಸೂಟಿಯಿಡೀ ಅದರ ಹಿಂದೆ ಮೊಳಕಾಲ ಮೇಲೆ ತಿರುಗಿದೆ. ಹಿಕ್ಕೆಯನ್ನು ಅದು ಎಲ್ಲಿ ಬೇಕಾದರೂ ಉದುರಿಸುತ್ತಿತ್ತು, ಆದರೆ ಉಚ್ಚೆ ಹೊಯ್ಯಲು ಮಾತ್ರ ಹೊರಗಿನ ಕೋಣೆಯ ಒಂದೇ ಮೂಲೆಗೆ ಹೋಗುತ್ತಿತ್ತು. ಜೋಳದ ಚೀಲಗಳ ಪಕ್ಕದ, ಅಪ್ಪ ಎಲ್ಲಕ್ಕಿಂತ ಚೆಂದಗೆ ಪಾಲಿಶ್ ಮಾಡಿದ ಫರಸಿಯ ಮೇಲೆ. ಒಣಗಿದರೆ ಸುಣ್ಣ ಬಳಿದಂತೆ ಬಿಳಿ ಕಲೆ ಕೂರುತ್ತಿತ್ತು. ಅವ್ವ ಒಮ್ಮೆ ಅದನ್ನು ಲಿಂಬೆ ಸಿಪ್ಪೆಯಿಂದ ತಿಕ್ಕಿದಳು. ಕಲೆ ಹೋಯಿತು, ಜೊತೆಗೆ ಕಲ್ಲಿನ ಹೊಳಪೂ ಹೋಗಿ ಅಂಗೈಯಗಲ ಮಬ್ಬಾಯಿತು. ಅಪ್ಪ ಸಂಜೆ ಬಂದು ಅದರ ಮೇಲೆ ಬೆರಳಾಡಿಸಿ, ಫರಸಿಗೆ ಹುಳಿ ಮುಟ್ಟಿಸುತ್ತಾರೇನು ಎಂದು ಅವ್ವನನ್ನು ಕೇಳಿ, ಉತ್ತರಕ್ಕೆ ಕಾಯದೆ ಕೈಕಾಲು ತೊಳೆಯಲು ಹೋದ.

ಅದೇ ಫರಸಿಯ ಮೇಲೆ ನಾನು ಗಾರೆ ಕಲಸುವ ಹಳೆಯ ತಗಡಿನ ಬುಟ್ಟಿ ಇಟ್ಟೆ. ಮೊದಲು ತೊಗರಿಯ ಹೊಟ್ಟು ಹಾಕಿದೆ. ಅಳ್ಳು ಅದರಲ್ಲಿ ಕುಳಿತು ಅಷ್ಟನ್ನೂ ತಿಂದು ಎದ್ದುಹೋಯಿತು. ಕಟ್ಟಿಗೆ ಕೊಯ್ಯುವ ಅಡ್ಡೆಯಿಂದ ಮರದ ಹೊಟ್ಟು ತಂದು ಹಾಕಿದೆ, ಸೀನಿತು. ಕೊನೆಗೆ ತಳಕ್ಕೆ ಪೇಪರು, ಮೇಲೆ ಕುಡುಗೋಲಿನಿಂದ ಸಣ್ಣಗೆ ಕತ್ತರಿಸಿದ ಕಣಿಕೆ, ಅಂದರೆ ಜೋಳದ ಒಣ ದಂಟು. ಮನೆಯೆಲ್ಲ ಆರಿಸಿ ತಂದ ಹಿಕ್ಕೆಗಳನ್ನು, ಒದ್ದೆಯಾದ ಹಳೆಯ ಕಣಿಕೆಯ ಒಂದು ಹಿಡಿಯನ್ನು ಅದರಲ್ಲೇ ಹಾಕಿಡುತ್ತಿದ್ದೆ, ಅದರ ವಾಸನೆ ಅದಕ್ಕೇ ದಾರಿ ತೋರಿಸಲಿ ಎಂದು. ಬುಟ್ಟಿಯ ಒಂದು ಅಂಚಿಗೆ ಕೊತ್ತಂಬರಿಯನ್ನೋ ಹತ್ತರಕಿ ಸೊಪ್ಪಿನ ಎಲೆಯನ್ನೋ ಸಿಕ್ಕಿಸುತ್ತಿದ್ದೆ. ಮೊಲ ಮೇಯುತ್ತಾ ಮೇಯುತ್ತಾ ಹಿಂದಿನಿಂದ ಕೆಲಸ ಮುಗಿಸುವ ಪ್ರಾಣಿ. ಇದನ್ನು ನೋಡಿದ ಮೇಲೆ ಅತ್ತಿ ಊಟಕ್ಕೆ ಕುಳಿತಾಗೆಲ್ಲ ಆ ಮೂಲೆಗೆ ಬೆನ್ನು ಹಾಕುತ್ತಿದ್ದಳು. ಉಣ್ಣುವುದೂ ಅಲ್ಲೇ, ಹೇಲುವುದೂ ಅಲ್ಲೇ, ಇಂಥಾದ್ದನ್ನು ಮನೆಯಲ್ಲಿ ಸಾಕುತ್ತಾರೇನು ಎಂದು ಅವಳ ಪ್ರಶ್ನೆ. ಅದರ ಪದ್ಧತಿ ಅದಕ್ಕೆ, ನಮ್ಮ ಪದ್ಧತಿ ನಮಗೆ ಎಂದು ನನ್ನ ಉತ್ತರ.

ಅಳ್ಳು ಕಲಿಯಿತು. ನಿಜವಾಗಿ ಕಲಿಯಿತು. ಮಂಗಳವಾರ, ಬುಧವಾರ ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದವು. ಶನಿವಾರ ಬರುವಷ್ಟರಲ್ಲಿ ನೆಲ ಸ್ವಚ್ಛ. ರವಿವಾರ ಅದು ಅಡುಗೆಮನೆಯಿಂದ ಓಡಿಬಂದು ಬುಟ್ಟಿಗೆ ಹಾರುವುದನ್ನು ನಾನು ಓಣಿಯ ಹುಡುಗಿಯರನ್ನೆಲ್ಲ ಕರೆದು ತೋರಿಸುತ್ತಿದ್ದೆ. ಸೋಮವಾರ ಸಂಜೆಗೆ ಮತ್ತೆ ಮನೆಯೆಲ್ಲ ಹಿಕ್ಕೆ. ಪ್ರತಿ ವಾರ ಇದೇ ಹಾಡು. ಮೊಲಕ್ಕೆ ನೆನಪು ಇರುವುದಿಲ್ಲ, ಅದಕ್ಕೇ ಹಾಗೆ ಎಂದು ಅತ್ತಿ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದಳು.

ಮಳೆ ಶುರುವಾಗಿ ಶಾಲೆ ತೆರೆದ ಮೇಲೆ ಒಂದು ಸೋಮವಾರ ನಳಕ್ಕೆ ನೀರು ಬರಲಿಲ್ಲ. ಎಲ್ಲೋ ಪೈಪು ಒಡೆದಿತ್ತಂತೆ. ತುಂಬಿಟ್ಟದ್ದು ಕುಡಿಯಲಿಕ್ಕೆ, ಅಡುಗೆಗೆ ಅಷ್ಟೇ ಸಾಲುವಂತಿತ್ತು. ಆಯಿ ದೇವರ ಜಗಲಿಯ ಮುಂದಷ್ಟೇ ಒದ್ದೆ ಅರಿವೆಯಿಂದ ಒರೆಸಿ, ಗೊಣಗುತ್ತ ಪೂಜೆಗೆ ಕುಳಿತಳು. ಆ ಸಂಜೆ ನಾನು ಶಾಲೆಯಿಂದ ಬಂದು ಎಂದಿನಂತೆ ಮೊರ ಹಿಡಿದು ಮನೆಯೆಲ್ಲ ತಿರುಗಿದೆ. ಒಂದೂ ಸಿಗಲಿಲ್ಲ. ಮಂಗಳವಾರವೂ ಸಿಗಲಿಲ್ಲ. ಎಲ್ಲವೂ ಬುಟ್ಟಿಯಲ್ಲೇ ಇದ್ದವು.

ಆಗ ಹೊಳೆಯಿತು. ಅಳ್ಳು ಮರೆಯುತ್ತಿರಲಿಲ್ಲ, ನಾವು ಅಳಿಸುತ್ತಿದ್ದೆವು. ಸೋಮವಾರ ಆಯಿ ಬುಟ್ಟಿಯನ್ನು ಹಿತ್ತಲಿಗೆ ಬೋರಲು ಹಾಕಿ, ಆ ಫರಸಿಯನ್ನು ಎಲ್ಲಕ್ಕಿಂತ ಹೆಚ್ಚು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ತನ್ನ ವಾಸನೆ ಎಲ್ಲೂ ಇಲ್ಲದ ಮನೆ ಅದಕ್ಕೆ ಪರದೇಶ. ಪಾಪ, ಮೊದಲಿನಿಂದ ಮತ್ತೆ ಗಡಿ ಕಲ್ಲು ನೆಡುತ್ತ ಹೋಗುತ್ತಿತ್ತು. ಇದನ್ನು ನಾನು ಅವ್ವನಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ, ಇರಬಹುದು ಎಂದ. ಆದರೆ ಸೋಮವಾರ ಒಂದು ಮೂಲೆ ತೊಳೆಯಬೇಡ ಎಂದು ತನ್ನ ಅವ್ವನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಮುಂದಿನ ಸೋಮವಾರ ನೀರು ಬಂತು, ಮನೆ ತೊಳೆದರು, ಹಿಕ್ಕೆ ಬಿತ್ತು. ಅದರ ಮುಂದಿನದು ಶ್ರಾವಣದ ಸೋಮವಾರ.

ಅವತ್ತು ಬೆಳಿಗ್ಗೆ ಮನೆಯಲ್ಲಿ ಹೂರಣ ಅರೆಯುವ ವಾಸನೆ, ಯಾಲಕ್ಕಿಯ ವಾಸನೆ, ಹಿತ್ತಲಲ್ಲಿ ಕಟ್ಟಿಗೆಯ ಹೊಗೆ. ಆಯಿ ಜಳಕಕ್ಕೆ ಹೋಗಿದ್ದಳು. ಅವ್ವ ಮತ್ತು ಅತ್ತಿ ಕೊಡ ಹಿಡಿದು ಹೊರಗಿನ ಕೋಣೆಗೆ ಬಂದಾಗ ನಾನು ಆ ಫರಸಿಯ ಮೇಲೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಬುಟ್ಟಿಯಲ್ಲಿ ಅಳ್ಳುವನ್ನು ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕುಳಿತಿದ್ದೆ.

"ಏಳು," ಎಂದಳು ಅವ್ವ.

"ಏಳಂಗಿಲ್ಲ."

"ಅಯ್ಯನೋರು ಬರೋ ಹೊತ್ತಾಗ್ಯಾದ, ಏಳತೀಯೋ ಇಲ್ಲೋ?"

"ಇದೊಂದು ಫರಸಿ ಬಿಟ್ಟು ಊರೆಲ್ಲ ತೊಳೀರಿ. ನಾ ಬ್ಯಾಡ ಅನ್ನಂಗಿಲ್ಲ."

ಅತ್ತಿ ನನ್ನ ತೋಳು ಹಿಡಿದು ಎಳೆದಳು. ನಾನು ಜೋಳದ ಚೀಲದ ಕಿವಿ ಹಿಡಿದುಕೊಂಡೆ, ಚೀಲ ವಾಲಿತು. ಅವ್ವ ಬಯ್ದಳು, ಬೇಡಿಕೊಂಡಳು, ಕೊನೆಗೆ ಕೊಡ ಕೆಳಗಿಟ್ಟು ನಿಂತಳು. ಅಷ್ಟರಲ್ಲಿ ಆಯಿ ಒದ್ದೆ ತಲೆಗೆ ಸೆರಗು ಹೊದ್ದು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಒಳಗಿನಿಂದ ಬಂದಳು. ಏನು ಗದ್ದಲ ಎಂದು ಕೇಳಿದಳು.

"ನಿನ್ನ ಮೊಮ್ಮಗಳು ಸಂಡಾಸದ ಬುಟ್ಟಿ ಹಿಡಕೊಂಡು ಸತ್ಯಾಗ್ರಹಕ್ಕ ಕುಂತಾಳ ನೋಡವ್ವ," ಎಂದಳು ಅತ್ತಿ.

ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ, ನಳ ಬಾರದ ಸೋಮವಾರದ ಸಂಗತಿಯನ್ನೂ. ಆಯಿ ಕೇಳಿದಳು. ಕೇಳಿ, "ಇರಬಹುದು. ಆದರ ಅಯ್ಯನೋರು ಬರೋ ಮನ್ಯಾಗ ಹೊಲಸು ಇಟಗೊಂಡು ಹ್ಯಾಂಗ ಪಾದಪೂಜಿ ಮಾಡ್ಲಿ? ಮೈಲಿಗಿ ಆಗಂಗಿಲ್ಲೇನು?" ಎಂದಳು.

ನನಗೆ ಮಾತು ಕಲಿಸಿದವಳೇ ಆಯಿ. ನಿದ್ದೆ ಬರುವ ತನಕ ಶರಣರ ಕತೆ ಹೇಳಿ, ಅವರು ಯಾವುದನ್ನು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂದು ಬಾಯಿಪಾಠ ಮಾಡಿಸಿದವಳು. ಆ ಗಂಟಿನಿಂದಲೇ ನಾನು ತೆಗೆದೆ.

"ಲಿಂಗ ಕಟ್ಟಿಕೊಂಡವರಿಗಿ ಮೈಲಿಗಿ ಇಲ್ಲ, ಸೂತಕ ಇಲ್ಲಂತ ನನಗ ಹೇಳಿಕೊಟ್ಟಾಕಿ ಯಾರು? ನೀನೇ. ಸುಳ್ಳು ಹೇಳಿದ್ದೇನು?"

ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಯಿಯ ಕೂದಲಿನಿಂದ ನೀರು ಹನಿಯುತ್ತಿತ್ತು. ಅವಳ ಕೈ ಎದೆಯ ಮೇಲಿನ ಲಿಂಗದ ಕರಡಿಗೆಗೆ ಹೋಗಿ ಅಲ್ಲೇ ನಿಂತಿತು.

"ನಾ ಸುಳ್ಳು ಹೇಳೀನಂತ ನನ್ನ ಗಂಡ ಸೈತ ಅಂದಿಲ್ಲ," ಎಂದಳು ಮೆಲ್ಲಗೆ.

"ಹಂಗಾರ ಖರೇ ಹೇಳೀದಿ?"

"ಖರೇನ ಹೇಳೀನಿ."

"ಹಂಗಾರ ಇದು ಇಲ್ಲೇ ಇರ್ಲಿ."

ಅತ್ತಿ ಏನೋ ಹೇಳಲು ಬಾಯಿ ತೆರೆದಳು. ಆಯಿ ಅವಳತ್ತ ನೋಡದೆ ಕೈ ಎತ್ತಿ ತಡೆದಳು. ಒಳಗೆ ಹೋಗಿ ರಂಗೋಲಿಯ ಬಟ್ಟಲು ತಂದು, ಮಂಜುಗಣ್ಣಿನಲ್ಲೇ ಬಗ್ಗಿ, ನಾನು ಕುಳಿತಿದ್ದ ಫರಸಿಯ ನಾಲ್ಕೂ ಅಂಚಿಗೆ ಗೆರೆ ಎಳೆದಳು. ಗೆರೆ ಸೊಟ್ಟಗಿತ್ತು.

"ಈ ಗೆರಿಯೊಳಗ ನೀರು ಬೀಳಬಾರದು," ಎಂದಳು ಅವ್ವನಿಗೆ. ಆಮೇಲೆ ನನ್ನ ಕಡೆ ತಿರುಗಿ, "ಈ ಗೆರಿ ದಾಟಿ ಒಂದು ಹಿಕ್ಕಿ ಬಿದ್ದರೂ ಸಂಜೀಕ ತೆಂಗಳಿ. ಆಗ ನೀ ಯಾವ ಶರಣರನ್ನ ಕರದ್ರೂ ಕೇಳಂಗಿಲ್ಲ," ಎಂದಳು.

ಅಯ್ಯನೋರು ಬಂದಾಗ ಮನೆ ತುಂಬ ಜನ. ಓಣಿಯ ಹೆಂಗಸರು, ತಂಬಿಗೆಗಳ ಸದ್ದು, ಊದುಬತ್ತಿ. ಅಳ್ಳು ಗದ್ದಲಕ್ಕೆ ಹೆದರಿ ಅಡುಗೆಮನೆಯ ಒಲೆಯ ಹಿಂದೆ ಸೇರಿಕೊಂಡಿತ್ತು. ಅಲ್ಲೇ ಇದ್ದುಬಿಡಲಿ ಎಂದು ನಾನು ಬೇಡುತ್ತಿದ್ದೆ. ಇರಲಿಲ್ಲ. ಆಯಿ ಅಯ್ಯನೋರ ಪಾದಕ್ಕೆ ನೀರೆರೆದು ವಿಭೂತಿ ಹಚ್ಚುತ್ತಿರುವಾಗ ಅದು ಬಾಗಿಲಲ್ಲಿ ಬಂದು ನಿಂತಿತು. ಕಿವಿ ನಿಮಿರಿಸಿ ಒಮ್ಮೆ ಎಲ್ಲರನ್ನೂ ನೋಡಿ ಕೋಣೆಯೊಳಗೆ ಕುಪ್ಪಳಿಸಿತು. ಹೆಂಗಸರು ಸೀರೆಯ ಅಂಚು ಎಳೆದುಕೊಂಡರು. ನಡುಮಧ್ಯೆ, ಅಯ್ಯನೋರ ಮುಂದಿನ ಹಿತ್ತಾಳೆ ತಾಟಿನ ಹತ್ತಿರ, ಅದು ನಿಂತಿತು. ಬಾಲ ಎತ್ತಿತು. ಆ ಬಾಲ ಎತ್ತುವುದು ಏನೆಂದು ಆ ಕೋಣೆಯಲ್ಲಿ ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಅತ್ತಿ ಕತ್ತು ಮುಂದೆ ಚಾಚಿದಳು.

ಅಳ್ಳು ಮೂಗು ಅಲುಗಿಸಿತು. ಒದ್ದೆ ನೆಲವನ್ನು ಮೂಸಿತು, ಗಾಳಿಯನ್ನು ಮೂಸಿತು. ಆಮೇಲೆ ಯಾರಿಗೂ ಕಾಯದೆ, ಕುಳಿತವರ ಮಂಡಿಗಳ ನಡುವೆ ದಾರಿ ಮಾಡಿಕೊಂಡು ಓಡಿ, ರಂಗೋಲಿಯ ಗೆರೆ ದಾಟಿ, ಬುಟ್ಟಿಗೆ ಹಾರಿತು. ಕಣಿಕೆ ಸರಪರ ಎಂದಿತು. ಅಂಚಿಗಿದ್ದ ಕೊತ್ತಂಬರಿ ಕಡ್ಡಿಯನ್ನು ಬಾಯಿಗೆ ಎಳೆದುಕೊಂಡು ನಮ್ಮೆಲ್ಲರತ್ತ ನೋಡುತ್ತ ಅದು ನಿಶ್ಚಿಂತೆಯಿಂದ ಕೂತುಬಿಟ್ಟಿತು.

ಅಯ್ಯನೋರು ಅತ್ತ ತಿರುಗಿ, ಅದು ಎಲ್ಲಿಗೆ ಹೋಯಿತು ಎಂದು ಕೇಳಿದರು.

ಆಯಿ ತಲೆ ಎತ್ತಲಿಲ್ಲ. ಅವರ ಇನ್ನೊಂದು ಪಾದಕ್ಕೆ ವಿಭೂತಿ ಹಚ್ಚುತ್ತಲೇ, ಮನೆಯ ಹಿರಿಮಗನ ಬಗ್ಗೆ ಹೇಳುವಂತೆ ಹೇಳಿದಳು. "ತನ್ನ ಕೆಲಸಕ್ಕ ಹೋಗ್ಯಾದ್ರಿ. ಮುಗಿಸಿ ಬರ್ತದ."

ಅವತ್ತಿನಿಂದ ಆ ಗೆರೆ ಪ್ರತಿ ಸೋಮವಾರ ಬಿತ್ತು. ಆಯಿಯೇ ಎಳೆಯುತ್ತಿದ್ದಳು. ಯಾರಾದರೂ ಹೊಸ ಹೆಂಗಸರು ಬಂದು, ಇದ್ಯಾಕೆ ಈ ಮೂಲೆ ಬಿಟ್ಟಿದ್ದೀರಿ ಎಂದು ಕೇಳಿದರೆ, ಅದು ಅಳ್ಳುವಿನ ಜಗಲಿ ಎಂದು ಗಂಭೀರವಾಗಿ ಹೇಳಿ ಮುಂದೆ ಹೋಗುತ್ತಿದ್ದಳು. ಅಂದಹಾಗೆ, ಮಾಮಾ ಕೊನೆಯ ತನಕ ಕಲಿಯಲಿಲ್ಲ. ಪಂದ್ಯ ನಾನೇ ಗೆದ್ದೆ.

ಅಳ್ಳು ನಮ್ಮ ಮನೆಯಲ್ಲಿ ಬಾಳಿತು, ನಾನು ಕಾಲೇಜು ಸೇರುವ ತನಕ. ಒಂದು ಬೇಸಿಗೆ ಅದೇ ತಣ್ಣನೆಯ ಫರಸಿಯ ಪಕ್ಕ ಕಾಲು ಚಾಚಿ ಮಲಗಿದ್ದು ಏಳಲಿಲ್ಲ. ಹಿತ್ತಲ ಬೇವಿನ ಬುಡದಲ್ಲಿ ಅಪ್ಪ ಗುಂಡಿ ತೋಡಿದ. ಮರುವಾರ ಆಯಿ ಮನೆ ತೊಳೆಯುವಾಗ ಕೈಗೆ ರಂಗೋಲಿ ತೆಗೆದುಕೊಂಡು, ನಿಂತು, ಮತ್ತೆ ಬಟ್ಟಲಿಗೇ ಹಾಕಿದಳು. ಆದರೂ ಆ ಫರಸಿಯ ಮೇಲೆ ನೀರು ಹೊಯ್ಯಲಿಲ್ಲ. ಈಗ ಆಯಿಯೂ ಇಲ್ಲ.

ಹೋದ ವರ್ಷ ಆ ಮನೆಗೆ ಟೈಲ್ಸ್ ಹಾಕಿಸಿದರು. ಹಾಲಿನಂತೆ ಬಿಳಿ, ಕಾಲಿಟ್ಟರೆ ಜಾರುತ್ತದೆ. ಸೋಮವಾರ ಈಗ ಯಾರೂ ಕೊಡದಿಂದ ನೀರು ಹೊಯ್ಯುವುದಿಲ್ಲ. ಕೋಲಿಗೆ ಕಟ್ಟಿದ ಅರಿವೆಯನ್ನು ಒಂದು ಸುತ್ತು ಆಡಿಸಿದರೆ ಮುಗಿಯಿತು. ನನಗೆ ಅದರ ದುಃಖವಿಲ್ಲ, ಬೆನ್ನು ನೋಯುವ ಕೆಲಸ ತಪ್ಪಿದರೆ ಒಳ್ಳೆಯದೇ. ದುಃಖವಿರುವುದು ಬೇರೆಯದಕ್ಕೆ. ಹನ್ನೊಂದು ವರ್ಷದ ಹುಡುಗಿ ತಮ್ಮ ಮಾತನ್ನೇ ತಿರುಗಿಸಿ ತಮ್ಮ ಮುಂದಿಟ್ಟಾಗ, ಅದನ್ನು ಕೇಳಿ, ಅಳೆದು, ಸೋಲೊಪ್ಪಿಕೊಳ್ಳುವಷ್ಟು ದೊಡ್ಡವರು ಈಗ ಮನೆಯಲ್ಲಿ ಯಾರಿದ್ದಾರೆ? ನಾನೇ ನನ್ನ ಮಕ್ಕಳ ಮುಂದೆ ಅಷ್ಟು ದೊಡ್ಡವಳಾಗಿಲ್ಲ.

ಫರಸಿಗಳನ್ನು ಕೀಳುವ ದಿನ ನಾನು ಈಗಿರುವ ಚಿತ್ತಾಪುರದಿಂದ ಹೋಗಿ ಗೌಂಡಿಯ ಮುಂದೆ ನಿಂತೆ. ಜೋಳದ ಚೀಲದ ಮೂಲೆಯದು ಒಡೆಯದೆ ಬರಬೇಕು ಎಂದೆ. ಹಾಳು ಕಲ್ಲು ಯಾಕೆ, ಕಲೆ ಬಿದ್ದಿದೆ, ಹೊಳಪು ಹೋಗಿದೆ ಎಂದು ಎಲ್ಲರೂ ಬುದ್ಧಿ ಹೇಳಿದರು. ಅದಕ್ಕೇ ಬೇಕು ಎಂದೆ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು ನಮ್ಮ ಮನೆಯ ಪಡಸಾಲೆಯ ಮೂಲೆಗೆ ಹಾಕಿಸಿದೆ. ಸುತ್ತಲೂ ಮಿಂಚುವ ಟೈಲ್ಸ್, ನಡುವೆ ಅದೊಂದು ಬೂದು ಕಲ್ಲು.

ಈ ಶ್ರಾವಣದಲ್ಲಿ ಸೇಡಂ ಅತ್ತಿ ಬಂದಿದ್ದಳು. ಈಗ ಅವಳಿಗೆ ಕೋಲು ಬೇಕು. ಒಳಗೆ ಬಂದವಳು ಮೂಲೆಯಲ್ಲಿ ಕೋಲು ಒರಗಿಸಲು ಹೋಗಿ, ಕಲ್ಲನ್ನು ಕಂಡು ನಿಂತಳು. ಬಗ್ಗಿ ಆ ಮಬ್ಬು ಕಲೆಯನ್ನು ನೋಡಿದಳು.

"ಇದನ್ನೂ ಕಿತಗೊಂಡು ಬಂದೀಯೇನು, ಹಟಮಾರಿ?"

"ಬಂದೀನಿ ಅತ್ತಿ."

"ತೊಳಿತೀಯೋ ಇಲ್ಲೋ?"

"ಇಲ್ಲ."

ಅತ್ತಿ ಕೋಲನ್ನು ಅಲ್ಲಿಂದ ತೆಗೆದು ಬಾಗಿಲಿಗೆ ಒರಗಿಸಿ, ಆ ಫರಸಿಯ ಪಕ್ಕದಲ್ಲೇ ಉಸ್ಸೆಂದು ಕುಳಿತು ನೀರು ಕೇಳಿದಳು. ಕೈ ನಡುಗುತ್ತದೆ ಅವಳಿಗೆ, ತಂಬಿಗೆಯಿಂದ ಒಂದಿಷ್ಟು ನೆಲಕ್ಕೆ ಚೆಲ್ಲಿತು. ನೀರು ಟೈಲ್ಸಿನ ಮೇಲೆ ಹರಿದು ಮೂಲೆಯ ಕಡೆ ಹೊರಟಿತು. ನಾನು ಏಳುವಷ್ಟರಲ್ಲಿ ಅತ್ತಿ ತಂಬಿಗೆ ಕೆಳಗಿಟ್ಟು, ತನ್ನ ಸೆರಗನ್ನು ಅಡ್ಡ ಇಟ್ಟು ಆ ನೀರನ್ನು ಅಲ್ಲೇ ತಡೆದಳು.